ಸೇರಿದವರ ಲೆಕ್ಕ, ಬಿಟ್ಟವರ ಲೆಕ್ಕ

(ಕೊಪ್ಪಳ ಸೀಮೆಯ ಸರ್ಕಾರಿ ಪದವಿ ಕಾಲೇಜುಗಳ ಕುರಿತ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ದತ್ತಿಯ ನಿಯಮ ಸರಳವಾದದ್ದು. ಮೂಲಧನ ಮುಟ್ಟಬಾರದು, ಅದರ ಬಡ್ಡಿಯಲ್ಲಿ ವರ್ಷವರ್ಷವೂ ಕೆಲಸ ನಡೆಯಬೇಕು. ನಮ್ಮ ಸೀಮೆಗೆ ಈ ಪದ್ಧತಿ ಹೊಸದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಎಂಬ ಊರಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ದತ್ತಿಯ ಬಲದ ಮೇಲೆ ನಡೆಯುವ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಅಲ್ಲಿನ 1058ರ ಶಾಸನವನ್ನು ಓದಿದರೆ ಬೆರಗಾಗುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು 50, ವೇದ ಕಲಿಸುವವರು 3, ಶಾಸ್ತ್ರ ಕಲಿಸುವವರು 3, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು 6. ಎಷ್ಟು ಮಂದಿ ಕಲಿಯುತ್ತಾರೆ, ಎಷ್ಟು ಮಂದಿ ಕಲಿಸುತ್ತಾರೆ, ಪುಸ್ತಕ ಯಾರ ಸುಪರ್ದಿನಲ್ಲಿದೆ ಎಂಬುದನ್ನು ಕಲ್ಲಿನಲ್ಲಿ ಕೊರೆಸಿಟ್ಟಿದ್ದಾರೆ.

ಆ ಘಟಿಕಾಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗೆ, ದುಡಿಯುವ ಜಾತಿಗಳ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸರ್ಕಾರಿ ಪದವಿ ಕಾಲೇಜುಗಳ ಬಾಗಿಲು ಎಲ್ಲರಿಗೂ ತೆರೆದಿದೆ. ಸಾವಿರ ವರ್ಷದಲ್ಲಿ ನಾವು ಗಳಿಸಿದ ದೊಡ್ಡ ಆಸ್ತಿ ಇದು. ಆದರೆ ಲೆಕ್ಕ ಇಡುವ ಶಿಸ್ತನ್ನು ಮಾತ್ರ ನಾವು ಆ ಶಾಸನ ಬರೆಸಿದವರಿಂದ ಇನ್ನೂ ಕಲಿಯಬೇಕಾಗಿದೆ. ಜೂನ್, ಜುಲೈನಲ್ಲಿ ಎಷ್ಟು ಮಂದಿ ಸೇರಿದರು ಎಂದು ಕೇಳಿದರೆ ಪ್ರತಿ ಕಾಲೇಜೂ ನಿಮಿಷದಲ್ಲಿ ಹೇಳುತ್ತದೆ. ಹಾಗೆ ಸೇರಿದವರಲ್ಲಿ ನಡುವೆ ಬಿಟ್ಟವರು ಯಾರು, ಏಕೆ ಬಿಟ್ಟರು, ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಕೇಳಿದರೆ ನಾವು ತಡವರಿಸುತ್ತೇವೆ. ಈ ಎರಡನೆಯ ಲೆಕ್ಕದ ಬಗ್ಗೆ ಮಾತಾಡಲೆಂದೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

1. ಖಾಲಿಯಾದ ಒಂದು ಜಾಗ

ನಾನು ವಾಣಿಜ್ಯ ಶಾಸ್ತ್ರದ ಮೇಷ್ಟ್ರು. ವೃತ್ತಿಜೀವನದ ಬಹುಭಾಗವನ್ನು ಸರ್ಕಾರಿ ಕಾಲೇಜಿನ ಬಿ.ಕಾಂ. ತರಗತಿಗಳಲ್ಲೇ ಕಳೆದವನು. ಅಲ್ಲಿನ ಒಂದು ಸಂಗತಿ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮೂರನೇ ಸೆಮಿಸ್ಟರ್. ಕಿಟಕಿಯ ಪಕ್ಕದ ಎರಡನೇ ಬೆಂಚಿನಲ್ಲಿ ಕುಷ್ಟಗಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಕಾಸ್ಟ್ ಅಕೌಂಟಿಂಗ್ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಮುಗಿಸುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಮುಗಿಸುವವಳು. ದೀಪಾವಳಿ ರಜೆ ಕಳೆದ ಮೇಲೆ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದೆ. ಮರುದಿನವೂ ಬರೆದೆ. ಆರು ವಾರ ಬರೆದೆ. ಕೊನೆಗೆ ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಅವಳ ಹೆಸರು ಸೂಚನಾ ಫಲಕ ಸೇರಿತು. ಮುಂದಿನ ಸೆಮಿಸ್ಟರಿನ ಪುಸ್ತಕದಲ್ಲಿ ಆ ಹೆಸರೇ ಇರಲಿಲ್ಲ.

ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಅವಳೇ ಗುರುತಿಸಿ ಮಾತಾಡಿಸಿದಳು. ಕಂಕುಳಲ್ಲಿ ಮಗು. ಏಕೆ ಬಿಟ್ಟೆಯಮ್ಮಾ ಎಂದು ಕೇಳಿದೆ. ಬೆಳಗಿನ ಬಸ್ಸಿನ ಟೈಮು ಬದಲಾಗಿತ್ತಂತೆ. ಮೊದಲ ಪಿರಿಯಡ್ಡಿಗೆ ಮುಟ್ಟಲು ಆಗುತ್ತಿರಲಿಲ್ಲ. ಎರಡು ಸಲ ತಡವಾಗಿ ಬಂದವಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದರು. ಮನೆಯಲ್ಲಿ ಅದನ್ನು ಹೇಳಿದ ದಿನವೇ ತಂದೆ ಸಾಕು ಬಿಡು ಎಂದರು. ಆಮೇಲೆ ಅವಳು ಹೇಳಿದ ಮಾತು ಇದು: "ಯಾರರ ಒಬ್ರು ಫೋನ್ ಮಾಡಿ ಕೇಳಿದ್ರ ನಮ್ಮಪ್ಪ ಕಳಸ್ತಿದ್ದ್ರಿ ಸರ್. ಯಾರೂ ಕೇಳ್ಲಿಲ್ಲ. ಕಾಲೇಜಿಗೂ ನೀ ಬ್ಯಾಡ ಆಗೀದಿ ಅಂತ ಅಂವ ತಿಳಕೊಂಡ್ರಿ."

ಅವಳಿಗೆ ಪಾಠ ಅರ್ಥವಾಗುತ್ತಿತ್ತು. ಶುಲ್ಕವೂ ಹೊರೆಯಾಗಿರಲಿಲ್ಲ. ಅವಳ ಓದನ್ನು ನಿಲ್ಲಿಸಿದ್ದು ಒಂದು ಬಸ್ಸಿನ ವೇಳೆ ಮತ್ತು ನಾನು ಮಾಡದೇ ಹೋದ ಒಂದು ಫೋನು. ಅಂದಿನಿಂದ ನನಗೆ ಒಂದು ವಿಷಯ ಖಚಿತವಾಗಿದೆ. ನಮ್ಮ ಭಾಗದಲ್ಲಿ ಓದು ನಿಲ್ಲುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಸಣ್ಣ ಕಾರಣವನ್ನು ಸಕಾಲದಲ್ಲಿ ತಿಳಿದರೆ ಸಣ್ಣ ಉಪಾಯದಲ್ಲೇ ನಿವಾರಿಸಬಹುದು.

2. ಬಾಗಿಲು ತೆರೆದ ಬಗೆ

ಈ ಬಾಗಿಲು ಹೇಗೆ ತೆರೆಯಿತು ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ನಿಜಾಮರ ಆಡಳಿತದಲ್ಲಿ ಈ ಪ್ರದೇಶದ ಆಡಳಿತ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಕನ್ನಡದ ಮಗುವಿಗೆ ಉನ್ನತ ಓದು ಎರಡು ಪಟ್ಟು ದೂರ. ಒಂದು ಊರಿನ ದೂರ, ಇನ್ನೊಂದು ನುಡಿಯ ದೂರ. ಅಂಥ ದಿನಗಳಲ್ಲಿ, 1922ರಲ್ಲಿ, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿತು. ಕೊಪ್ಪಳದಲ್ಲಿ ಗವಿಮಠ ಶಾಲೆ, ಕಾಲೇಜುಗಳನ್ನು ಕಟ್ಟಿತು, ಜೊತೆಗೆ ಬಡ ಮಕ್ಕಳಿಗೆ ಉಚಿತ ಪ್ರಸಾದ ನಿಲಯ ನಡೆಸಿತು. 2022ರಲ್ಲಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು 5,000 ವಿದ್ಯಾರ್ಥಿಗಳ ವಸತಿ ನಿಲಯದ ಸಂಕಲ್ಪ ತೊಟ್ಟಾಗ ಈ ಜಿಲ್ಲೆಯ ಜನ ಜೋಳ, ಅಕ್ಕಿ, ಹಣ ತಂದು ಸುರಿದರು. ಅನ್ನ ಮೊದಲು, ಅಕ್ಷರ ಆಮೇಲೆ ಎಂಬುದನ್ನು ಮಠ ಯಾವ ವರದಿಯನ್ನೂ ಓದದೆ ಅರಿತಿತ್ತು.

ಕೊಪ್ಪಳ ಬಹುಕಾಲ ರಾಯಚೂರು ಜಿಲ್ಲೆಯ ಅಂಚಿನಲ್ಲಿತ್ತು. 1997ರಲ್ಲಿ ನಾಲ್ಕು ತಾಲ್ಲೂಕುಗಳ ಹೊಸ ಜಿಲ್ಲೆಯಾಯಿತು. ಈಚೆಗೆ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕುಗಳಾಗಿವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದ ಪಟ್ಟಿಗೆ ಸೇರಿಸಿತು. ಕುಷ್ಟಗಿ, ಯಲಬುರ್ಗಾ ಎರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 68.09. ಗಂಡಸರಲ್ಲಿ ಶೇ. 78.54, ಹೆಂಗಸರಲ್ಲಿ ಶೇ. 57.55. ಎರಡರ ನಡುವೆ ಸುಮಾರು 21 ಅಂಶಗಳ ಕಂದಕ. ಇಂದು ಪದವಿಗೆ ಸೇರುತ್ತಿರುವ ಹುಡುಗಿಯರಲ್ಲಿ ಬಹಳ ಮಂದಿಯ ತಾಯಂದಿರು ಈ ಕಂದಕದ ಆಚೆ ದಡದಲ್ಲೇ ಉಳಿದವರು. ಅವರ ಮನೆಯಲ್ಲಿ ಕಾಲೇಜಿನ ಅರ್ಜಿಯನ್ನು ಓದಿ ಹೇಳುವವರಿಲ್ಲ. ಆ ಕೆಲಸವನ್ನು ಕಾಲೇಜೇ ಮಾಡಬೇಕು.

ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ 371(ಜೆ) ವಿಧಿ ಬಂತು. ಅದರಡಿ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾದವು. 2015ರಲ್ಲಿ ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಆರಂಭವಾಗಿ ತಳಕಲ್ಲಿನಿಂದ ಕೆಲಸ ಮಾಡತೊಡಗಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳಲ್ಲಿ ವಿಲೀನಗೊಳಿಸುವ ಮಾತು ಎದ್ದಾಗ ಈ ಭಾಗದ ಜನರ ಎದೆ ಝಲ್ಲೆಂದದ್ದು ಸಹಜ. ಹತ್ತಿರ ಬಂದದ್ದು ಮತ್ತೆ ದೂರವಾಗುವ ನೋವು ನಮಗೆ ಗೊತ್ತು.

ಇಲ್ಲಿ ಸ್ವಲ್ಪ ಹೊರಗಿನ ಜಗತ್ತನ್ನು ನೋಡೋಣ. ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ವ್ಯವಸ್ಥೆ ಇದೆ. 1901ರಲ್ಲಿ ಇಲಿನಾಯ್ಸ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇವನ್ನು ದೇಶದ ತುಂಬ ಹರಡಬೇಕೆಂದಿತು. ಮನೆಯ ಹತ್ತಿರ ಇರಬೇಕು, ಶುಲ್ಕ ಕಡಿಮೆ ಇರಬೇಕು, ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕು, ಊರಿನ ಕಸುಬಿಗೆ ಹೊಂದುವ ವಿದ್ಯೆ ಕಲಿಸಬೇಕು, ಬಯಸಿದವರಿಗೆ ದೊಡ್ಡ ವಿಶ್ವವಿದ್ಯಾಲಯಕ್ಕೆ ದಾರಿ ಮಾಡಿಕೊಡಬೇಕು ಎಂಬುದು ಅವುಗಳ ಧರ್ಮ. ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಇಂಥ ಮೊದಲ ಕಾಲೇಜು ಬಂತು. 2013-14ರಲ್ಲಿ ಯುಜಿಸಿ ಈಗಾಗಲೇ ಇರುವ ಕಾಲೇಜುಗಳ ಒಳಗೇ ಸಮುದಾಯ ಕಾಲೇಜು ನಡೆಸುವ ಯೋಜನೆ ತಂದಿತು.

ಈ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಮನೆಗೆ ಹತ್ತಿರ, ಕಡಿಮೆ ಶುಲ್ಕ, ಎಲ್ಲರಿಗೂ ಪ್ರವೇಶ. ರಾಜ್ಯದ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಮೊದಲಿನಿಂದ ಮಾಡುತ್ತಿರುವುದು ಇದನ್ನೇ. ಹೆಸರಿನ ಹಲಗೆ ಬೇರೆ ಇರಬಹುದು, ನಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜೇ ನಮ್ಮ ಸಮುದಾಯ ಕಾಲೇಜು. ಅದು ಮೊದಲರ್ಧದ ಕೆಲಸವನ್ನು ಮಾಡಿದೆ. ಉಳಿದರ್ಧದ ಬಗ್ಗೆ ಈಗ ಹೇಳುತ್ತೇನೆ.

3. ಸೇರುವ ಮುಂಚೆ

ಪಿಯುಸಿ ಫಲಿತಾಂಶ ಬಂದ ದಿನದಿಂದ ಡಿಗ್ರಿ ಅಡ್ಮಿಷನ್ ಮುಗಿಯುವ ದಿನದವರೆಗಿನ ಕೆಲವು ವಾರಗಳಲ್ಲಿ ನಾವು ಎಷ್ಟು ಮಕ್ಕಳನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಯಾರ ಹತ್ತಿರವೂ ಪುಸ್ತಕವಿಲ್ಲ. ಈ ವಾರಗಳಲ್ಲೇ ಗುಳೆ ಹೋದ ಕುಟುಂಬ ಮಗನನ್ನು ಬೆಂಗಳೂರಿಗೆ ಕರೆಸಿಕೊಳ್ಳುತ್ತದೆ. ಈ ವಾರಗಳಲ್ಲೇ ಹುಡುಗಿಯ ಮದುವೆ ಮಾತು ಗಟ್ಟಿಯಾಗುತ್ತದೆ. ಈ ವಾರಗಳಲ್ಲೇ ಅರ್ಜಿ ಹಾಕಲು ಕಂಪ್ಯೂಟರ್ ಸೆಂಟರಿಗೆ ಹೋದವನಿಗೆ ಆಧಾರಿನ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ಹೊಂದುತ್ತಿಲ್ಲ ಎಂದು ಗೊತ್ತಾಗುತ್ತದೆ.

ಪ್ರವೇಶ ಈಗ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಇನ್ನೊಂದು ತಾಣ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿ. ಹಣ ಬರಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಓದಿದ ಮನೆಯ ಹುಡುಗನಿಗೆ ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವವನಿಗೆ ಇದು ನಾಲ್ಕು ದಿನದ ಕೂಲಿ, ನಾಲ್ಕು ಸಲದ ಬಸ್ ಚಾರ್ಜು. ಈ ನಾಲ್ಕೂ ಕೆಲಸ ಒಂದೇ ದಿನ, ಒಂದೇ ಕೋಣೆಯಲ್ಲಿ ಮುಗಿಯುವಂತೆ ಕಾಲೇಜು ವ್ಯವಸ್ಥೆ ಮಾಡಬೇಕು. ಫಲಿತಾಂಶ ಬರುವ ಮುಂಚೆಯೇ, ಜನವರಿ, ಫೆಬ್ರವರಿಯಲ್ಲಿ, ಅಧ್ಯಾಪಕರು ಸುತ್ತಲಿನ ಪಿಯು ಕಾಲೇಜುಗಳಿಗೆ ಹೋಗಿ ದಾಖಲೆಗಳ ತಪ್ಪನ್ನು ಸರಿಪಡಿಸಿಕೊಳ್ಳಲು ಹೇಳಿಬರಬೇಕು. ಹಿರಿಯ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ತಮ್ಮ ಓಣಿಯ ಅಕ್ಕ ಓದುತ್ತಿರುವುದನ್ನು ಕಂಡ ಹುಡುಗಿ ತಾನೂ ಓದಬಲ್ಲೆ ಎಂದು ನಂಬುತ್ತಾಳೆ.

ಸರ್ಕಾರ ಕೆಲವು ತೊಡಕುಗಳನ್ನು ಈಗಾಗಲೇ ಬಿಡಿಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ನೆರವು. ಗಂಗಾವತಿ, ಕಾರಟಗಿಗಳಿಗೆ ರೈಲು ಬಂದಿದೆ, 2025ರಲ್ಲಿ ಕುಷ್ಟಗಿಗೂ ಬಂತು. ಇವುಗಳ ಪೂರ್ತಿ ಪ್ರಯೋಜನ ಸಿಗಬೇಕಾದರೆ ಕಾಲೇಜಿನ ವೇಳಾಪಟ್ಟಿ ಬಸ್ಸಿನ ವೇಳಾಪಟ್ಟಿಯನ್ನು ನೋಡಿಕೊಂಡು ಬರೆಯುವಂತಾಗಬೇಕು. ಪ್ರಾಂಶುಪಾಲರು ವರ್ಷಕ್ಕೊಮ್ಮೆ ಡಿಪೋ ವ್ಯವಸ್ಥಾಪಕರ ಜೊತೆ ಕೂತು ಚಹಾ ಕುಡಿದರೆ ಎಷ್ಟೋ ಮಕ್ಕಳ ಮೊದಲ ಪಿರಿಯಡ್ಡು ಉಳಿಯುತ್ತದೆ.

4. ಸೇರಿದ ಮೇಲೆ ಉಳಿಯುವುದು

ಸೇರಿದ ಮಗು ಬಿಡುವ ಅಪಾಯ ಹೆಚ್ಚಿರುವುದು ಮೊದಲ ಎರಡು ಸೆಮಿಸ್ಟರುಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಹನ್ನೆರಡು ವರ್ಷ ಓದಿದವನ ಕೈಗೆ ಇಂಗ್ಲಿಷಿನ ಪಠ್ಯ ಬರುತ್ತದೆ. ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಬ್ಯಾಕ್ ಉಳಿಯುತ್ತವೆ. ತನಗೆ ಓದು ಹತ್ತುವುದಿಲ್ಲ ಎಂದು ಅವನು ತೀರ್ಮಾನಿಸಿಬಿಡುತ್ತಾನೆ. ಅವನಿಗೆ ಹತ್ತದೇ ಇದ್ದದ್ದು ಭಾಷೆ. ವಿಷಯವನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಕೈಗಿತ್ತರೆ ಅದೇ ಹುಡುಗ ದಾಟಿಹೋಗುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಸವಕಳಿ ಎಂದರೆ ಏನೆಂದು ಎತ್ತಿನ ಗಾಡಿಯ ಕೀಲು ಸವೆದದ್ದನ್ನು ಕಂಡವನಿಗೆ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಡಿಪ್ರಿಸಿಯೇಷನ್ ಅನ್ನುತ್ತಾರೆ ಎಂದಷ್ಟೇ ಹೇಳಬೇಕು.

ಕಲಿಸುವವರ ಸ್ಥಿತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಕಾಲೇಜುಗಳ ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಸೇವಾ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಸೆಮಿಸ್ಟರ್ ಶುರುವಾದ ಮೇಲೆ ನೇಮಕವಾಗುವ, ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದ ಮೇಷ್ಟ್ರು ಮಗುವಿನ ಮೂರು ವರ್ಷದ ಹಾದಿಯನ್ನು ಹೇಗೆ ಕಾಯಬೇಕು? ಅದರ ಮೇಲೆ ಪಠ್ಯಕ್ರಮದ ಏರುಪೇರು. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಹಳೆಯ ಮಾದರಿಗೆ ಮರಳಿದೆವು. ನೀತಿ ಯಾವುದೇ ಇರಲಿ, ಅದು ಆಗಾಗ ಬದಲಾದರೆ ಮೊದಲು ದಾರಿ ತಪ್ಪುವುದು ಮನೆಯಲ್ಲಿ ಕೇಳುವವರಿಲ್ಲದ ಮಗು.

ಇಂಥ ಮಕ್ಕಳನ್ನು ಉಳಿಸಿಕೊಳ್ಳಬಹುದೇ? ಉಳಿಸಿಕೊಳ್ಳಬಹುದು, ಅದಕ್ಕೆ ಸಾಕ್ಷಿ ಇದೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ತನ್ನ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ಆರಂಭಿಸಿತು. ಬಡ ಕುಟುಂಬದ ವಿದ್ಯಾರ್ಥಿಗಳಿಗೆ ಅಲ್ಲಿ ಕೊಟ್ಟದ್ದು ಏನು? ಓಡಾಡಲು ರೈಲು, ಬಸ್ಸಿನ ಪಾಸು. ಪಠ್ಯಪುಸ್ತಕಕ್ಕೆ ನೆರವು. ನೆರವು ಹೋಗಿ ಉಳಿದ ಶುಲ್ಕಕ್ಕೆ ವಿನಾಯಿತಿ. ಜೊತೆಗೆ, ಹೆಸರು ಹಿಡಿದು ಕರೆದು ಮತ್ತೆ ಮತ್ತೆ ಮಾತಾಡಿಸುವ ಒಬ್ಬ ಸಲಹೆಗಾರ. ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ವರ್ಷದೊಳಗೆ ಓದು ಮುಗಿಸಿದವರು ಮಾಮೂಲಿ ಗುಂಪಿನಲ್ಲಿ ನೂರಕ್ಕೆ 22, ಈ ಗುಂಪಿನಲ್ಲಿ 40. ಒಬ್ಬೊಬ್ಬ ವಿದ್ಯಾರ್ಥಿಗೆ ಖರ್ಚು ಹೆಚ್ಚಾಯಿತು. ಓದು ಮುಗಿಸಿದ ಒಬ್ಬೊಬ್ಬರಿಗೆ ಬಿದ್ದ ಖರ್ಚು ಮಾತ್ರ ಕಡಿಮೆಯಾಯಿತು.

ಗಮನಿಸಿ. ಆ ಪಟ್ಟಿಯ ಬಸ್ ಪಾಸನ್ನು ನಮ್ಮ ಹುಡುಗಿಯರಿಗೆ ಶಕ್ತಿ ಯೋಜನೆ ಕೊಟ್ಟಿದೆ. ಪುಸ್ತಕವನ್ನು ಗ್ರಂಥಾಲಯ ಕೊಡಬಲ್ಲದು. ಶುಲ್ಕದ ಭಾರವನ್ನು ವಿದ್ಯಾರ್ಥಿವೇತನ ಬಹಳಮಟ್ಟಿಗೆ ಇಳಿಸಿದೆ. ನಮ್ಮಲ್ಲಿ ಇನ್ನೂ ಇಲ್ಲದಿರುವುದು ನಾಲ್ಕನೆಯದು, ಹೆಸರು ಹಿಡಿದು ಕರೆದು ಮಾತಾಡಿಸುವ ಒಬ್ಬರು. ಮೆಂಟರ್ ಎಂಬ ಕಡತ ಪ್ರತಿ ಕಾಲೇಜಿನಲ್ಲೂ ಇದೆ, ನ್ಯಾಕ್ ತಂಡ ಬಂದಾಗ ತೋರಿಸುತ್ತೇವೆ. ಆ ಕಡತದೊಳಗಿನ ಹೆಸರುಗಳ ಮನೆಗೆ ಫೋನು ಹೋಗಬೇಕು.

5. ಕಾಲೇಜಿನ ಗೇಟಿನಾಚೆ

ಮುಗಿಸಿದವರ ಪ್ರಶ್ನೆಗೆ ಬರೋಣ. ನಮ್ಮ ಹುಡುಗರನ್ನು ಡಿಗ್ರಿ ಆದ ಮೇಲೆ ಏನು ಮಾಡುತ್ತಿದ್ದೀ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಎಕ್ಸಾಂಗೆ ಓದಾಕತ್ತೀನ್ರಿ ಸರ್." ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಕೆಎಎಸ್. ಧಾರವಾಡದಲ್ಲಿ, ವಿಜಯಪುರದಲ್ಲಿ ರೂಮು ಮಾಡಿ ಐದಾರು ವರ್ಷ ಓದುವವರಿದ್ದಾರೆ. ಆ ಹಂಬಲವನ್ನು ನಾನು ಗೌರವಿಸುತ್ತೇನೆ. ಸರ್ಕಾರಿ ನೌಕರಿ ಒಂದು ತಲೆಮಾರನ್ನೇ ಬಡತನದಿಂದ ಎತ್ತಿದ್ದನ್ನು ಇಲ್ಲಿ ಪ್ರತಿ ಊರೂ ಕಂಡಿದೆ. 371(ಜೆ) ಅಡಿ ಈ ಪ್ರದೇಶದ ಸಿ ದರ್ಜೆಯ ಹುದ್ದೆಗಳಲ್ಲಿ ಶೇ. 80ರಷ್ಟು, ಡಿ ದರ್ಜೆಯಲ್ಲಿ ಶೇ. 85ರಷ್ಟು ನಮ್ಮವರಿಗೇ ಮೀಸಲು. ಆದರೂ ಉಪವಿಭಾಗಾಧಿಕಾರಿಯವರ ಕಚೇರಿಯಿಂದ ಪಡೆಯಬೇಕಾದ ಅರ್ಹತಾ ಪ್ರಮಾಣಪತ್ರಕ್ಕೆ ಕೊನೆಯ ದಿನ ಓಡಾಡುವವರನ್ನು ಪ್ರತಿ ಅಧಿಸೂಚನೆಯ ಹೊತ್ತಿನಲ್ಲೂ ಕಾಣುತ್ತೇವೆ. ಅಂತಿಮ ವರ್ಷ ಮುಗಿಯುವುದರೊಳಗೆ ಪ್ರತಿ ವಿದ್ಯಾರ್ಥಿಯ ಕೈಯಲ್ಲಿ ಆ ಪತ್ರ ಇರುವಂತೆ ನೋಡಿಕೊಳ್ಳುವುದು ಕಾಲೇಜಿಗೆ ಕಷ್ಟದ ಕೆಲಸವಲ್ಲ.

ಎಲ್ಲರಿಗೂ ಸರ್ಕಾರಿ ಹುದ್ದೆ ಸಿಗುವುದಿಲ್ಲ ಎಂಬ ಸತ್ಯವನ್ನೂ ಮೊದಲ ವರ್ಷದಲ್ಲೇ ಮಕ್ಕಳಿಗೆ ಹೇಳಬೇಕು. ಹೇಳಿ ಸುಮ್ಮನಾಗದೆ, ಇನ್ನೊಂದು ದಾರಿಯನ್ನೂ ತೋರಿಸಬೇಕು. ಆ ದಾರಿ ನಮ್ಮ ತಾಲ್ಲೂಕುಗಳಲ್ಲೇ ಇದೆ.

ಗಂಗಾವತಿಯನ್ನು ನೋಡಿ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಅದನ್ನು ಭತ್ತದ ಕಣಜ ಮಾಡಿತು. ಅಲ್ಲಿನ ಅಕ್ಕಿ ಗಿರಣಿಗಳಿಗೆ ಜಿಎಸ್‌ಟಿ ಲೆಕ್ಕ ಗೊತ್ತಿರುವವರು ಬೇಕು, ಅಕ್ಕಿಯ ತೇವಾಂಶ ಮತ್ತು ನುಚ್ಚಿನ ಪ್ರಮಾಣ ಅಳೆದು ಗುಣಮಟ್ಟ ಹೇಳುವವರು ಬೇಕು, ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ ನಡೆಸುವವರು ಬೇಕು. ನಮ್ಮ ಬಿ.ಕಾಂ. ವಿದ್ಯಾರ್ಥಿ ಮೂರು ವರ್ಷ ಓದಿಯೂ ಒಂದು ಗಿರಣಿಯ ಲೆಕ್ಕದ ಪುಸ್ತಕ ತೆರೆದಿರುವುದಿಲ್ಲ. ಅದೇ ತಾಲ್ಲೂಕಿನ ಆನೆಗೊಂದಿ, ಅಂಜನಾದ್ರಿಗಳಿಗೆ ದೇಶದ ಜನ ಬರುತ್ತಾರೆ. ಹೊಳೆಯಾಚೆ ಹಂಪಿ. ಇತಿಹಾಸ ಓದಿದ ಹುಡುಗಿ ಅಲ್ಲಿ ಮಾರ್ಗದರ್ಶಿಯಾಗಲು ಬೇಕಾದ ತರಬೇತಿ ಅವಳ ಕಾಲೇಜಿನಲ್ಲೇ ಸಿಗಬೇಕು.

ಕೊಪ್ಪಳ ತಾಲ್ಲೂಕಿನ ಗಿಣಿಗೇರಾ, ಬೇವಿನಹಳ್ಳಿಗಳ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಅವುಗಳ ಹೊಗೆ, ದೂಳನ್ನು ಉಣ್ಣುವುದು ಸುತ್ತಲಿನ ಹಳ್ಳಿಗಳು. ಹೊಗೆ ನಮ್ಮ ಪಾಲಿಗೆ, ಒಳ್ಳೆಯ ನೌಕರಿ ಬೇರೆಯವರ ಪಾಲಿಗೆ ಎಂದಾಗಬಾರದು. ಗಾಳಿ, ನೀರನ್ನು ಪರೀಕ್ಷಿಸಿ ವರದಿ ಬರೆಯಬಲ್ಲ ಬಿ.ಎಸ್ಸಿ. ಪದವೀಧರರು ಈ ಊರುಗಳಿಗೇ ಬೇಕಾಗಿದ್ದಾರೆ. ಕಿನ್ನಾಳದ ಬಣ್ಣದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ದೂರದ ಗಿರಾಕಿಗೆ ಆನ್‌ಲೈನಿನಲ್ಲಿ ಮುಟ್ಟಿಸುವ ಜಾಣ್ಮೆಯನ್ನು ನಮ್ಮ ವಾಣಿಜ್ಯ ವಿಭಾಗ ಕಲಿಸಬಹುದು. ಯಲಬುರ್ಗಾ ಸೀಮೆಯ ಕುಕನೂರು ಬಳಿಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿ ಯಂತ್ರದ ಮುಂದೆ ನಿಲ್ಲುವ ಕೆಲಸ ಮಾತ್ರ ನಮ್ಮ ಮಕ್ಕಳದ್ದಾಗದೆ, ಮೇಲ್ವಿಚಾರಣೆಯ ಕುರ್ಚಿಯೂ ಅವರಿಗೆ ಸಿಗಬೇಕು. ಕುಷ್ಟಗಿಯದು ಮಳೆಯನ್ನೇ ನಂಬಿದ ಒಣಬೇಸಾಯ. ದಾಳಿಂಬೆ ಬೆಳೆದವನಿಗೆ ಮಣ್ಣು ಪರೀಕ್ಷೆ, ಹನಿ ನೀರಾವರಿ, ಮಾರುಕಟ್ಟೆಯ ದರ ಮೂರೂ ಗೊತ್ತಿರಬೇಕು. ರೈತ ಉತ್ಪಾದಕರ ಕಂಪನಿಗಳಿಗೆ ಲೆಕ್ಕ ಬರೆಯುವ, ಸಭೆ ನಡೆಸುವ ಪದವೀಧರರು ಬೇಕು. ಹಳ್ಳಿಯ ಮಗ ಹಳ್ಳಿಯಲ್ಲೇ ಮಾನದಿಂದ ಮಾಡುವಂಥ ಕೆಲಸ ಅದು.

ಇದಕ್ಕೆ ಕಾನೂನಿನ ದಾರಿಗಳಿವೆ. ಯುಜಿಸಿಯ ಬಿ.ವೋಕ್. ಮಾದರಿಯಲ್ಲಿ ವರ್ಷದ 60 ಕ್ರೆಡಿಟ್‌ಗಳಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ಮನೆಯ ಕಷ್ಟಕ್ಕೆ ನಡುವೆ ಬಿಡಬೇಕಾದವನೂ ಬರಿಗೈಯಲ್ಲಿ ಹೋಗುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 2019ರ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆ ಗೊತ್ತುಮಾಡಿದವು. ಓದಿನ ಜೊತೆಗೇ ಅಪ್ರೆಂಟಿಸ್ ತರಬೇತಿ ಹೆಣೆದ ಪದವಿಗಳೂ ರಾಜ್ಯದ ಕೆಲವು ಸರ್ಕಾರಿ ಕಾಲೇಜುಗಳಿಗೆ ಬಂದಿವೆ. ಸರ್ಕಾರದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಆಸರೆಯಾಗುತ್ತದೆ. ಆ ಎರಡು ವರ್ಷ ಕಾಯುವ ಕಾಲವಾಗದೆ ಕಲಿಯುವ ಕಾಲವಾಗಬೇಕಾದರೆ ಹಳೆಯ ವಿದ್ಯಾರ್ಥಿಗೂ ಕಾಲೇಜಿನ ಗೇಟು ತೆರೆದಿರಬೇಕು.

ಒಂದು ಎಚ್ಚರಿಕೆಯ ಮಾತು. ಕೌಶಲದ ಹೆಸರಿನಲ್ಲಿ ಬಡವರ ಮಕ್ಕಳಿಗೆ ಬರೀ ಕೈಕೆಲಸ, ಉಳ್ಳವರ ಮಕ್ಕಳಿಗೆ ಸಾಹಿತ್ಯ, ಇತಿಹಾಸ, ವಿಜ್ಞಾನ ಎಂಬ ಹಂಚಿಕೆ ಆಗಕೂಡದು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನ ಗಡಿಯನ್ನು ಗುರುತಿಸುವಾಗ ಹೆಸರಿಸಿದ ಕೊಪಣ ಇದೇ ಊರು. ಇಲ್ಲಿನ ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನವಿದೆ. ಗಿರಣಿಯ ಲೆಕ್ಕ ಬರೆಯುವ ಹುಡುಗನಿಗೂ ಆ ಬಂಡೆಯ ಅಕ್ಷರದ ಅರ್ಥ ತಿಳಿಯುವ ಹಕ್ಕಿದೆ.

6. ಬಿಟ್ಟವರ ಪುಸ್ತಕ

ನನ್ನ ಕೋರಿಕೆಗಳನ್ನು ಈಗ ಒಂದೆಡೆ ತರುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ.

ಸತತ ಮೂರು ದಿನ ಬಾರದ ವಿದ್ಯಾರ್ಥಿಯ ಮನೆಗೆ ನಾಲ್ಕನೇ ದಿನ ಒಂದು ಫೋನು ಹೋಗಲಿ. ಹತ್ತು ದಿನವಾದರೆ ಆ ಊರಿನ ಸಹಪಾಠಿಯೊಬ್ಬ, ಸಾಧ್ಯವಾದರೆ ಅಧ್ಯಾಪಕರೊಬ್ಬರು ಮನೆಗೆ ಹೋಗಲಿ. ಪ್ರತಿ ಕಾಲೇಜಿನಲ್ಲಿ ಹಾಜರಿ ಪುಸ್ತಕದ ಪಕ್ಕದಲ್ಲಿ ಬಿಟ್ಟವರ ಪುಸ್ತಕ ಎಂಬ ಇನ್ನೊಂದು ಪುಸ್ತಕ ಇರಲಿ. ಬಿಟ್ಟ ದಿನ, ಬಿಟ್ಟ ಕಾರಣ, ನಾವು ಮಾಡಿದ ಪ್ರಯತ್ನ, ಮತ್ತೆ ಬಂದ ದಿನ, ಹೀಗೆ ನಾಲ್ಕು ಕಲಂ ಸಾಕು. ಮೂರು ವರ್ಷ ಈ ಪುಸ್ತಕ ಬರೆದರೆ ಯಾವ ಹಳ್ಳಿಗೆ ಬಸ್ಸು ಬೇಕು, ಯಾವ ವಿಷಯಕ್ಕೆ ಹೆಚ್ಚುವರಿ ತರಗತಿ ಬೇಕು, ಯಾವ ತಿಂಗಳು ಗುಳೆ ಮಕ್ಕಳನ್ನು ಎಳೆದೊಯ್ಯುತ್ತದೆ ಎಂಬುದು ಯಾವ ಸಮಿತಿಯ ವರದಿಗಿಂತಲೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಹೆಸರುಗಳನ್ನು ಗುಟ್ಟಾಗಿ ಕಾಯ್ದುಕೊಂಡು, ಸಂಖ್ಯೆಯನ್ನೂ ಕಾರಣಗಳನ್ನೂ ವಾರ್ಷಿಕೋತ್ಸವದ ದಿನ ವೇದಿಕೆಯಿಂದ ಓದಿ ಹೇಳಲಿ. ಪದವಿ ಮುಗಿಸಿದವರಿಗೆ ವರ್ಷದ ನಂತರ ಒಮ್ಮೆ ಫೋನು ಮಾಡಿ, ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ, ನಾವು ಏನು ಕಲಿಸಿದ್ದರೆ ಚೆನ್ನಾಗಿತ್ತು ಎಂದು ಕೇಳಲಿ. ಆ ಉತ್ತರಗಳಿಂದಲೇ ಮುಂದಿನ ವರ್ಷದ ಕೋರ್ಸು ರೂಪುಗೊಳ್ಳಲಿ.

ಸರ್ಕಾರಕ್ಕೆ ನನ್ನ ಮನವಿ ಎರಡು. ಅತಿಥಿ ಉಪನ್ಯಾಸಕರ ನೇಮಕ ಸೆಮಿಸ್ಟರಿನ ಮೊದಲ ದಿನಕ್ಕೆ ಮುಂಚೆ ಮುಗಿಯಲಿ, ಖಾಲಿ ಇರುವ ಕಾಯಂ ಹುದ್ದೆಗಳು ತುಂಬಲಿ. ಕಾಲೇಜಿನ ಯಶಸ್ಸನ್ನು ಅಳೆಯುವಾಗ ಎಷ್ಟು ಮಂದಿ ಸೇರಿದರು ಎಂಬುದರ ಜೊತೆಗೆ ಎಷ್ಟು ಮಂದಿ ಮುಗಿಸಿದರು ಎಂಬುದನ್ನೂ ಕೇಳಲಿ.

ಕೊನೆಯ ಮಾತು ದತ್ತಿ ದಾನಿಗಳಿಗೆ. ನಮ್ಮ ಕಾಲೇಜುಗಳಲ್ಲಿ ಮೊದಲ ಸ್ಥಾನ ಪಡೆದವರಿಗೆ ಕೊಡುವ ಪದಕದ ದತ್ತಿಗಳು ಬೇಕಾದಷ್ಟಿವೆ. ಅವು ಇರಲಿ, ಅವು ಸಲ್ಲಬೇಕಾದವರಿಗೇ ಸಲ್ಲುತ್ತಿವೆ. ಇನ್ನು ಮುಂದೆ ತಂದೆ ತಾಯಿಯ ನೆನಪಿನಲ್ಲಿ ದತ್ತಿ ಇಡುವವರು ಅದನ್ನು ಓದು ಬಿಡುವ ಹೊಸ್ತಿಲಲ್ಲಿ ನಿಂತ ಮಗುವಿನ ಹೆಸರಿಗೆ ಇಡಿ. ಪರೀಕ್ಷಾ ಶುಲ್ಕ ಕಟ್ಟಲಾಗದ ಒಬ್ಬಳು, ತಾಯಿಗೆ ಆರಾಮಿಲ್ಲವೆಂದು ಕೂಲಿಗೆ ಹೋದ ಒಬ್ಬ, ಬಸ್ಸು ತಪ್ಪಿ ಮನೆಯಲ್ಲೇ ಉಳಿದ ಒಬ್ಬಳು. ಕೆಲವು ಸಾವಿರ ರೂಪಾಯಿಯ ಬಡ್ಡಿ ವರ್ಷಕ್ಕೊಬ್ಬರನ್ನು ಮತ್ತೆ ತರಗತಿಗೆ ತಂದು ಕೂರಿಸಿದರೆ ನಿಮ್ಮ ಹಿರಿಯರ ಹೆಸರು ಒಂದು ಮನೆತನದ ಬಾಳಿನಲ್ಲಿ ಉಳಿಯುತ್ತದೆ.

ಅಧ್ಯಾಪಕ ಮಿತ್ರರೇ, ನಾಳೆ ಬೆಳಿಗ್ಗೆ ಹಾಜರಿ ಕರೆಯುವಾಗ ಯಾವ ಹೆಸರಿಗೆ ಉತ್ತರ ಬರಲಿಲ್ಲ ಎಂದು ಗುರುತು ಮಾಡಿಕೊಳ್ಳಿ. ಸಂಜೆ ಮನೆಗೆ ಹೊರಡುವ ಮುಂಚೆ ಆ ಮನೆಗೆ ಒಂದು ಫೋನು ಮಾಡಿ. ನಾನು ಮಾಡಲಿಲ್ಲ. ನೀವು ಮಾಡಿ.